ಹೌದು ಅಣ್ಣ, ಅದೇ

‘ನಾಳೆಯ ಕಟ್ಟೆ’ ಎಂಬ ಆನ್‌ಲೈನ್ ಚರ್ಚಾಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರ ಮಾತನ್ನಾದರೂ ಅಲ್ಲಗಳೆಯಬೇಕೆಂದರೆ, ಅವರು ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ ತೋರಿಸಬೇಕು. ಅವರು ‘ಹೌದು, ಅದೇ’ ಎಂದು ಒಪ್ಪಿದ ಮೇಲೆ ಎಷ್ಟು ಬೇಕಾದರೂ ಜಗಳವಾಡಿ, ಕೇಳುವವರಿಲ್ಲ.

ಲಿಫ್ಟ್ ರಿಪೇರಿಯವನು ಈ ಗುಂಪು ಸೇರಿದ್ದೇ ತಂಗಿಗೋಸ್ಕರ. ಅವಳು ದೂರದ ಊರಿನಲ್ಲಿ ಬೇಕರಿ ಇಟ್ಟುಕೊಂಡಿದ್ದಳು. ಫೋನು ಮಾಡಿದರೆ ‘ಊಟ ಆಯ್ತಾ’ ಎನ್ನುವಲ್ಲಿಗೆ ಇಬ್ಬರ ಮಾತೂ ಖಾಲಿ. ಕಟ್ಟೆಯಲ್ಲಿ ಮಾತ್ರ ಹಾವು ಮುಂಗುಸಿ! ಚಾಲಕನಿಲ್ಲದ ಬಸ್ಸು ಗುದ್ದಿದರೆ ಜೈಲಿಗೆ ಹೋಗುವವರು ಯಾರು, ಮಕ್ಕಳಿಗೆ ಮಾರ್ಕ್ಸನ್ನು ಯಂತ್ರ ಹಾಕಬಹುದೇ ಎಂದು ವಾರಗಟ್ಟಲೆ ಕಚ್ಚಾಡುತ್ತಿದ್ದರು. ಅವಳಿಂದ ‘ಹೌದು ಅಣ್ಣ, ಅದೇ’ ಎಂದು ಬಂದ ದಿನ ಇವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಎಲ್ಲಿಂದಲೋ ವಕ್ಕರಿಸಿತು, ‘ಮೆಲುದನಿ’ ಎಂಬ ಹೆಸರಿನ ಹೊಸ ಸದಸ್ಯ. ಆರೈಕೆಗೆಂದು ರೋಗಿಯ ಪಕ್ಕದಲ್ಲಿ ಯಂತ್ರವನ್ನು ಕೂರಿಸುವುದು ಸರಿಯೇ ಎಂಬ ಚರ್ಚೆ ನಡೆದಿತ್ತು. ತಂಗಿಯ ಮಾತನ್ನು ಮೆಲುದನಿ ಎರಡೇ ಸಾಲಿನಲ್ಲಿ ಹೇಳಿ ತೋರಿಸಿತು. ತಂಗಿ ಕರಗಿಹೋದಳು: ‘ಹೌದು, ಅದೇ. ಇಷ್ಟು ಚೆನ್ನಾಗಿ ಯಾರೂ ನನ್ನ ಮಾತು ಕೇಳಿರಲಿಲ್ಲ.’

ಯಾರೂ ಅಂದರೆ? ಇವನು ಸತ್ತುಹೋಗಿದ್ದನೇ? ಲಿಫ್ಟಿನ ಮೋಟಾರು ಕೋಣೆಯಲ್ಲಿ ಕೂತು, ಗ್ರೀಸು ಮೆತ್ತಿದ ಬೆರಳಲ್ಲೇ ಫೋನು ಉಜ್ಜುತ್ತಾ, ಮೆಲುದನಿ ಬರೆದದ್ದನ್ನೆಲ್ಲ ಒಂದು ಸಾಲೂ ಬಿಡದೆ ಜಾಲಾಡಿದ.

“ಒಂದು ತಪ್ಪಿಲ್ಲ, ಒಂದು ಸಿಟ್ಟಿಲ್ಲ. ಇದು ಮನುಷ್ಯನೇ ಅಲ್ಲ ಕಣೇ,” ಎಂದ ಮನೆಗೆ ಬಂದು.

“ಇರಬಹುದಪ್ಪ. ನಿಮ್ಮ ಹೊಟ್ಟೆಕಿಚ್ಚು ಮಾತ್ರ ಅಪ್ಪಟ ಮನುಷ್ಯರದ್ದೇ,” ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

ಅವಳೆದುರೇ ಬರೆದು ಹಾಕಿದ: ‘ಈ ಮೆಲುದನಿ ಅನ್ನೋದು ಯಂತ್ರ. ನನ್ನ ತಂಗೀನ ಮರುಳು ಮಾಡ್ತಿದೆ. ಮೊದಲು ಹೊರಗೆ ಹಾಕಿ.’

ತಂಗಿ ಬರೆದಳು: ‘ಯಂತ್ರಾನೇ ಇರಬಹುದು ಅಣ್ಣ. ಆದ್ರೆ ನಾನು ಒಪ್ಪಿದ್ದನ್ನ ನೀನು ಅಲ್ಲಗಳೀತಿದ್ದೀಯ, ನಿಯಮ ಗೊತ್ತಲ್ಲ. ಈ ಚರ್ಚೇಲಿ ನಾನು ಏನು ಬರ್ದಿದ್ದೆ, ಅದನ್ನ ಮೊದಲು ಹೇಳು.’

ಮೆಲುದನಿಯದು ಅವನಿಗೆ ಬಾಯಿಪಾಠವಾಗಿತ್ತು, ಅದೂ ತಪ್ಪು ಹುಡುಕಲಿಕ್ಕಷ್ಟೇ. ತಂಗಿಯದನ್ನು ಓದಿಯೇ ಇರಲಿಲ್ಲ, ಹಾರಿಸಿಕೊಂಡು ಹೋಗಿದ್ದ. ಹಿಂದಕ್ಕೆ ಹೋಗಿ ಹುಡುಕಿದ.

‘ಹೋದ ತಿಂಗಳು ಆಪರೇಷನ್ ಆಗಿ ಮಲಗಿದ್ದೆ. ಪಕ್ಕದಲ್ಲಿದ್ದ ಯಂತ್ರ ನೋವಿದ್ಯಾ ಅಂತ ಕೇಳ್ತಾನೇ ಇತ್ತು. ಮನೆಯವರು ಯಾರಾದ್ರೂ ಇದ್ರೆ ಕರೀಲಾ ಅಂತನೂ ಕೇಳ್ತು. ಬೇಡ ಅಂದೆ.’

ಆಪರೇಷನ್ನೇ? ಹೋದ ತಿಂಗಳೆಲ್ಲ ಅವರಿಬ್ಬರೂ ಬಸ್ಸಿನ ವಿಚಾರಕ್ಕೆ ಜಗಳವಾಡಿದ್ದರು.

ಗಾಬರಿಯಲ್ಲಿ ಬರೆದ: ‘ಯಂತ್ರ ಪಕ್ಕದಲ್ಲಿದ್ರೆ ರೋಗಿಗೆ ಅನುಕೂಲ ಅಂತೀಯ.’

‘ಅಲ್ಲ ಅಣ್ಣ. ಇನ್ನೊಂದ್ಸಲ ಹೇಳು.’

ಅವಳ ಸಾಲುಗಳನ್ನು ಮತ್ತೆ ಓದಿದ. ಒಂದೊಂದೇ ಅಕ್ಷರ ಒತ್ತಿದ: ‘ಕರೆದ್ರೂ ನಾನು ಬರ್ತೀನಿ ಅನ್ನೋ ನಂಬಿಕೆ ನಿನಗಿರಲಿಲ್ಲ.’

ಉತ್ತರ ಬಂತು.

‘ಹೌದು ಅಣ್ಣ, ಅದೇ.’

ನಿಯಮದ ಪ್ರಕಾರ, ಇನ್ನು ಅವನು ಅಲ್ಲಗಳೆಯಬಹುದಿತ್ತು.