ಸೊಪ್ಪು ತಾಗದ ಜಾಗ

ಶನಿವಾರದ ಸೌನಾ ಸ್ನಾನದ ಬಿಸಿಹಬೆಯಲ್ಲಿ, ಮೈ ಚೆನ್ನಾಗಿ ಬೆವರಲೆಂದು, ಆಹ್ತಿ ತನ್ನ ಹೆಂಡತಿ ತೆಲ್ಲೆರ್ವೋಳ ಬೆನ್ನಿಗೆ ಬರ್ಚ್ ಸೊಪ್ಪಿನ ಕಟ್ಟಿನಿಂದ ಬಡಿಯುತ್ತಿದ್ದ. ಸೋರಿಯಾಸಿಸ್‌ನ ಕೆಂಪು ಹೊಪ್ಪಳೆಗಳಿದ್ದ ಜಾಗ ಬಿಟ್ಟು ಬಡಿಯುವುದು ಎಷ್ಟೋ ವರ್ಷಗಳಿಂದ ಅವನ ಕೈಗೆ ರೂಢಿ. ಈಗ ಹೊಪ್ಪಳೆಗಳು ಉದುರಿಹೋಗಿ, ಅಲ್ಲೆಲ್ಲ ಬಿಳಿ ಮಚ್ಚೆಗಳು ಮೂಡಿದ್ದವು.

"ಡಾಕ್ಟರು ಏನಂದ್ರು?"

"ತೊನ್ನಂತೆ ರೀ. ಆ ಸೋರಿಯಾಸಿಸ್ಸು, ಈ ತೊನ್ನು ಎರಡೂ ಅಕ್ಕತಂಗೀರು ಇರಬಹುದು, ಖಚಿತವಾಗಿ ಹೇಳಕ್ಕಾಗಲ್ಲ ಅಂದ್ರು. ಮೈ ಕಾಯೋ ಶಕ್ತೀನೇ ಮೈಮೇಲೆ ತಿರುಗಿಬಿದ್ದಿರತ್ತಂತೆ."

"ಸಾಕಿದ ನಾಯೇ ಕಚ್ಚಿದ ಹಾಗಾಯ್ತು ಬಿಡು!"

ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಸೊಪ್ಪು ಮಾತ್ರ ಹಳೇ ರೂಢಿಯಂತೆ ಮಚ್ಚೆಗಳನ್ನು ತಪ್ಪಿಸಿಕೊಂಡೇ ಹೋಯಿತು.

"ಅಲ್ಲೂ ಬಡೀರಿ," ಎಂದಳು. "ಈಗ ಹುಣ್ಣಿಲ್ಲವಲ್ಲ."

ಅವನು ಅಳುಕುತ್ತ ಬಡಿದ.

"ಇನ್ನೂ ಜೋರಾಗಿ."

ಬಡಿದ. ನೋವಾದರೂ ಆಗಲಿ ಎಂದು ತೆಲ್ಲೆರ್ವೋ ಕಾದಳು. ಆಗಲಿಲ್ಲ; ಉಳಿದ ಬೆನ್ನಿಗೆ ತಾಗಿದಂತೆ ಅಲ್ಲೂ ಸೊಪ್ಪಿನ ಬಿಸಿಯಷ್ಟೇ ತಾಗಿತು.