ಎಪ್ಪತ್ತೆರಡು ಗ್ರಾಮ್

ಬೆರಳು ಸೆಟೆದುಕೊಂಡಾಗಲೆಲ್ಲ ಪ್ರೇಮಕ್ಕ ಅದನ್ನು ಬಿಸಿ ಗಂಜಿಯ ಪಾತ್ರೆಗೆ ಒತ್ತಿ ಹಿಡಿಯುತ್ತಿದ್ದಳು. ಕಾವು ಒಳಗಿಳಿದು ಗೆಣ್ಣು ಸಡಿಲಾದರೆ ಮತ್ತೆ ಕ್ರೋಶಾ ಕಡ್ಡಿ. ಎರಡು ವರ್ಷದ ಹಿಂದೆ ಕಾಫಿ ಕೊಯ್ಲಿನಲ್ಲಿ ಇಳಿಜಾರಿನಿಂದ ಜಾರಿ ಬಿದ್ದು ಮುರಿದ ಬೆರಳು ಅದು. ಡೊಂಕಾಗಿಯೇ ಕೂಡಿಕೊಂಡಿತ್ತು. "ಅರ್ಧ ಕೈಗೆ ಪೂರ್ತಿ ಸಂಬಳ ಹ್ಯಾಂಗೆ ಕೊಡದು?" ಎಂದ ಎಸ್ಟೇಟಿನ ರೈಟರು ಅವತ್ತಿನಿಂದ ಹಾಜರಿಯಲ್ಲಿ ಅವಳ ಹೆಸರು ಕೂಗುವುದನ್ನೇ ಬಿಟ್ಟಿದ್ದ. ಮಗಳು ಗುಲಾಬಿ ಕೆಲಸಕ್ಕೆ ಹೋಗುತ್ತಿದ್ದಳಾದ್ದರಿಂದ ಲೈನುಮನೆಯಿಂದ ಎಬ್ಬಿಸಿರಲಿಲ್ಲ, ಅಷ್ಟೇ. ಈಗ ಗುಲಾಬಿಯೂ ಬಾಣಂತಿ. ಘಟ್ಟದ ಕೆಳಗೆ ಹಂಚಿನ ಕಾರ್ಖಾನೆಗೆ ಹೋದ ಅಳಿಯ ಬರುವುದು ವರ್ಷಕ್ಕೊಮ್ಮೆ. ಮನೆಯಲ್ಲಿ ದುಡಿಯುವುದೆಂದರೆ ಆ ಡೊಂಕು ಬೆರಳೊಂದೇ.

ಬಸರೀಕಟ್ಟೆಯ ಆ ಲೈನಿನಲ್ಲಿ ಎಂಟು ಮನೆಯ ಹೆಂಗಸರು ಕೊಪ್ಪದ ಮೂಕಾಂಬಿಕಮ್ಮನ ಮಹಿಳಾ ಕೇಂದ್ರಕ್ಕೆ ಎಳೆಮಕ್ಕಳ ಸ್ವೆಟರು ಹೆಣೆದು ಕೊಡುತ್ತಿದ್ದರು. ಗುರುವಾರ ಉಣ್ಣೆ ತೂಗಿ ಕೊಡುತ್ತಾರೆ. ಮೂರು ವಾರ ಬಿಟ್ಟು ಸ್ವೆಟರು ತೂಗಿ ತೆಗೆದುಕೊಳ್ಳುತ್ತಾರೆ. ಒಂದು ಕಿಲೋಗೆ ಹನ್ನೆರಡು ಸ್ವೆಟರು. ಅವೆಲ್ಲ ಶೃಂಗೇರಿಯ ಅಂಗಡಿಗಳಿಗೆ ಹೋಗುತ್ತಿದ್ದವು. ದೇವರ ದರ್ಶನ ಮುಗಿಸಿ ಬಂದವರು ಮೊಮ್ಮಕ್ಕಳಿಗೆಂದು ಕೊಳ್ಳುತ್ತಿದ್ದರು.

ಸ್ವೆಟರೇನೂ ಬ್ರಹ್ಮವಿದ್ಯೆಯಲ್ಲ. ಕೊರಳಿನಿಂದ ಶುರು. ಅರವತ್ತು ಸರಪಳಿ ಹಾಕಿ, ಒಂದೊಂದು ಕೊಂಡಿಯ ಮೇಲೂ ಒಂದೊಂದು ಕಂಬ ಎಬ್ಬಿಸಬೇಕು. ನಾಲ್ಕು ಮೂಲೆಯಲ್ಲಿ ಕಂಬ ಹೆಚ್ಚಿಸುತ್ತ ಹೋದರೆ ಅದು ಕೊಡೆಯಂತೆ ಅರಳುತ್ತದೆ. ಆಮೇಲೆ ಮಡಚಿ, ಎರಡು ಬದಿಯಿಂದ ತೋಳು, ಉಳಿದದ್ದು ಮೈ. ಪ್ರೇಮಕ್ಕ ಕಣ್ಣು ಮುಚ್ಚಿಕೊಂಡೂ ಹೆಣೆಯುತ್ತಿದ್ದಳು. ಎಷ್ಟೋ ನೂರು ಮಕ್ಕಳು ಅವಳ ಕೈಯ ಬೆಚ್ಚನೆಯಲ್ಲಿ ಬೆಳೆದಿದ್ದವು. ಒಂದರ ಮುಖವನ್ನೂ ಅವಳು ಕಂಡಿರಲಿಲ್ಲ.

ಕಂಡದ್ದು ಗುಲಾಬಿಯ ಕೂಸನ್ನೇ. ಎಂಟು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು. ಒಂದು ಕಿಲೋ ಎಂಟುನೂರು ಗ್ರಾಮ್. ಆಸ್ಪತ್ರೆಯಿಂದ ಕಳಿಸುವಾಗ ನರ್ಸು ಪ್ರೇಮಕ್ಕನನ್ನು ಪಕ್ಕಕ್ಕೆ ಕರೆದಿದ್ದಳು.

"ಅಜ್ಜಿ, ಕೇಳಿ ಇಲ್ಲಿ. ಮೈ ತಣ್ಣಗಾದ್ರೆ ಕೂಸು ಹಾಲು ಎಳೆಯದು ಬಿಡ್ತದೆ. ಹಾಲು ಬಿಟ್ರೆ ಆಮೇಲೆ ನಮ್ಮ ಕೈಲೂ ಇಲ್ಲ. ಯಾವಾಗ್ಲೂ ಬೆಚ್ಚಗೆ ಇರ್ಬೇಕು. ಗೊತ್ತಾಯ್ತಾ?"

ಗೊತ್ತಾಯಿತು. ಆದರೆ ಅದು ಆಷಾಢ. ತಗಡಿನ ಮಾಡಿನ ಕೆಳಗೆ ಹೊದ್ದ ಹಳೇ ಸೀರೆಯೂ ತೇವ, ಗೋಡೆಯೂ ತೇವ. ಕೂಸಿನ ಅಂಗಾಲು ಮುಟ್ಟಿದರೆ ಬೆಳಗಿನ ಕಲ್ಲು ಮುಟ್ಟಿದ ಹಾಗೆ. ಮೂಲೆಯ ಚೀಲದಲ್ಲಿ ಕೇಂದ್ರದ ಬಿಳಿ ಉಣ್ಣೆ ಒಂದು ಕಿಲೋ ಇತ್ತು. ಪ್ರೇಮಕ್ಕ ಒಂದು ಉಂಡೆ ತೆಗೆದು ಕೂಸಿನ ಎದೆಗೆ ಹಿಡಿದಳು. ಮತ್ತೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಇವತ್ತು ಒಂದು ಉಂಡೆ ತೆಗೆದರೆ ನಾಳೆ ಉಣ್ಣೆಯೇ ಇಲ್ಲ. ಉಣ್ಣೆ ಇಲ್ಲದಿದ್ದರೆ ಅಕ್ಕಿ ಇಲ್ಲ. ಗುಲಾಬಿ ಉಣ್ಣದಿದ್ದರೆ ಕೂಸಿಗೆ ಹಾಲಿಲ್ಲ.

ಒಂದು ವಾಡಿಕೆಯಿತ್ತು. ಉಂಡೆ ಮುಗಿದಾಗ ಕೊನೆಗೆ ಉಳಿಯುವ ಗೇಣುದ್ದದ ಚೂರು ನೂಲು ಹೆಣೆದವಳಿಗೆ. ಅದಕ್ಕೆಂದು ಕಿಲೋಗೆ ಹತ್ತು ಗ್ರಾಮ್ ಬಿಡುತ್ತಿದ್ದರು. ಹೆಂಗಸರು ಆ ಚೂರನ್ನು ಮಕ್ಕಳ ಜಡೆಗೋ, ಚೀಲದ ಬಾಯಿ ಕಟ್ಟಲಿಕ್ಕೋ ಇಟ್ಟುಕೊಳ್ಳುತ್ತಿದ್ದರು. ಪ್ರೇಮಕ್ಕ ತನ್ನ ಚೂರಿನ ಡಬ್ಬಿ ಸುರುವಿ ಕೂತದ್ದನ್ನು ಪಕ್ಕದ ಮನೆಯ ಚಿಕ್ಕಕ್ಕ ನೋಡಿದಳು.

"ಇಷ್ಟರಲ್ಲಿ ಎಂತ ಆಗ್ತದೆ ಮಾರಾಯ್ತಿ? ಒಂದು ತೋಳೂ ಆಗದಿಲ್ಲ."

"ಆದಷ್ಟು ಆಗ್ಲಿ."

ಚಿಕ್ಕಕ್ಕ ಎದ್ದು ಹೋದಳು. ಬರುವಾಗ ಅವಳ ಕೈಯಲ್ಲಿ ನಾಲ್ಕು ಮನೆಯ ಬಿಸ್ಕತ್ತಿನ ಡಬ್ಬಿಗಳಿದ್ದವು. ಒಳಗೆ ಹಿಂದಿನ ವರ್ಷಗಳ ನೀಲಿ, ಹಳದಿ, ಕೆಂಪು, ಹಸಿರು ಚೂರು. ಗೇಣಿಗೊಂದು ಗಂಟು. ಗಂಟು ಕೂಸಿನ ಮೈಗೆ ಚುಚ್ಚಬಾರದೆಂದು ಪ್ರೇಮಕ್ಕ ಎಲ್ಲವನ್ನೂ ಹೊರಮೈಗೆ ಬಿಟ್ಟು ಹೆಣೆದಳು. ಮೂರು ದಿನ ಹಿಡಿಯಿತು.

ತೊಡಿಸಿದಾಗ ಚಿಕ್ಕಕ್ಕ ಬಿದ್ದು ಬಿದ್ದು ನಕ್ಕಳು. "ಹಲಸಿನಕಾಯಿ ಆಗ್ಯದೆ ನೋಡೇ ನಿನ್ನ ಮೊಮ್ಮಗಳು!"

ತೊಡಿಸಿದ ಮೂರನೆಯ ದಿನ ಕೂಸಿನ ಅಂಗೈ ಬೆಚ್ಚಗಾಯಿತು. ಬಾಯಿ ಹುಡುಕಿಕೊಂಡು ಹೋಗಿ ಹಾಲೆಳೆಯಿತು. ಗುಲಾಬಿ ಅಳುತ್ತ ಕುಡಿಸಿದಳು.

ಆ ಸಲ ಪ್ರೇಮಕ್ಕ ಇನ್ನೊಂದು ಕೆಲಸವನ್ನೂ ಮಾಡಿದಳು. ಹಿಂದಿನ ಸಲ ಅವಳ ಮೂರು ಸ್ವೆಟರನ್ನು ಮೂಕಾಂಬಿಕಮ್ಮ ಮುಖಕ್ಕೇ ಎಸೆದಿದ್ದಳು. "ಬೂಸಲು ವಾಸನೆ! ಅಂಗಡಿಯವ್ರು ವಾಪಸ್ ಕಳ್ಸಿದ್ದಾರೆ. ಒಣಗಿಸಿ ತರ್ಲಿಕ್ಕೆ ಆಗದಿಲ್ವಾ ನಿಮಗೆ?" ಹಾಗಾಗಿ ಈ ಸಲ ಹನ್ನೆರಡು ಸ್ವೆಟರನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಹರಡಿದಳು. ಮಸಿ ಹಿಡಿಯದ ಹಾಗೆ ಕೆಳಗೊಂದು ಬಟ್ಟೆ, ಮೇಲೊಂದು ಬಟ್ಟೆ. ನಾಲ್ಕು ದಿನ ಹೊಗೆಯಾಡದ ಒಣ ಕಟ್ಟಿಗೆಯನ್ನೇ ಆರಿಸಿ ಉರಿಸಿದಳು. ಉಳಿದವರಿಗೆ ಸುಡಲು ಅಷ್ಟು ಕಟ್ಟಿಗೆ ಇರಲಿಲ್ಲ. ಅವಳಿಗೂ ಇರಲಿಲ್ಲ. ಮುಂದಿನ ವಾರದ್ದನ್ನು ಈ ವಾರವೇ ಉರಿಸಿದಳು. ಸ್ವೆಟರು ಹಪ್ಪಳದಂತೆ ಗರಿಗರಿಯಾಗಿದ್ದವು.

ಗುರುವಾರ ಕೂಸಿಗೆ ಚುಚ್ಚುಮದ್ದು ಹಾಕಿಸುವುದೂ ಇತ್ತು. ಎಲ್ಲರೂ ಒಂದೇ ಜೀಪಿನಲ್ಲಿ ಕೊಪ್ಪಕ್ಕೆ ಬಂದರು. ಕೇಂದ್ರವೆಂದರೆ ಮೂಕಾಂಬಿಕಮ್ಮನ ಗಂಡ ಸೀತಾರಾಮಯ್ಯನ ಕಾಳುಮೆಣಸಿನ ಗೋಡೌನಿಗೆ ಹೊಂದಿಕೊಂಡ ಒಂದು ಹಜಾರ. ಉಣ್ಣೆಯ ಮೂಟೆ ಇಡುವುದೂ ಆ ಗೋಡೌನಿನ ಹಿಂಭಾಗದಲ್ಲೇ. ಈ ಮಳೆಗಾಲದಲ್ಲಿ ಹೊಸದಾಗಿ ಎಲೆಕ್ಟ್ರಾನಿಕ್ ತಕ್ಕಡಿ ಬಂದಿತ್ತು. ಹಳೇ ತಕ್ಕಡಿಯಲ್ಲಿ ಮುಳ್ಳು ಅತ್ತಿತ್ತ ಆಡಿದರೆ ಯಾರೂ ಕೇಳುತ್ತಿರಲಿಲ್ಲ. ಇದು ಕೆಂಪು ಅಕ್ಷರದಲ್ಲಿ ಒಂದೊಂದು ಗ್ರಾಮನ್ನೂ ಹೇಳುತ್ತಿತ್ತು.

"ಒಂಬೈನೂರ ಹದಿನೆಂಟು," ಎಂದ ಗುಮಾಸ್ತ ಷಡಕ್ಷರಿ.

ಮೂಕಾಂಬಿಕಮ್ಮ ಕನ್ನಡಕದ ಮೇಲಿನಿಂದ ನೋಡಿದಳು. "ಇನ್ನೊಮ್ಮೆ ಇಡು."

ಮತ್ತೂ ಅದೇ.

"ಕೊಟ್ಟದ್ದು ಒಂದು ಕಿಲೋ ಪ್ರೇಮ. ಚೂರಿಗೆ ಹತ್ತು ಬಿಟ್ಟೆ. ಉಳಿದ ಎಪ್ಪತ್ತೆರಡು ಗ್ರಾಮ್ ಎಲ್ಲಿ?"

"ಎಲ್ಲಿಗೂ ಹೋಗ್ಲಿಲ್ಲ ಅಮ್ಮಾ. ಹನ್ನೆರಡು ಅದೆ. ಎಣಿಸಿ ನೋಡಿ."

"ಎಣಿಕೆ ಸರಿ ಇದೆ. ಸಡಿಲ ಹೆಣೆದ್ರೆ ಹನ್ನೆರಡೇನು, ಹದಿಮೂರೂ ಆಗ್ತದೆ. ಆ ಹದಿಮೂರನೇದು ಎಲ್ಲಿ ಅಂತ ಕೇಳಿದ್ದು."

ಅದು ಪ್ರೇಮಕ್ಕನಿಗೇ ತಿಳಿಯದ ಲೆಕ್ಕ. ಉಂಡೆ ಎಲ್ಲಾದರೂ ಉರುಳಿತೇ? ಇಲಿ ಎಳೆದುಕೊಂಡು ಹೋಯಿತೇ? ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ಗುಲಾಬಿಯ ಮಡಿಲಲ್ಲಿ ಕೂಸು ಅತ್ತಿತು. ಟವೆಲು ಜಾರಿತು.

"ಓಹೋ," ಎಂದಳು ಮೂಕಾಂಬಿಕಮ್ಮ. "ಅಲ್ಲಿದೆ."

ಅವಳು ಗುಲಾಬಿಯತ್ತ ಬೆರಳು ತೋರಿಸಿದಳು.

"ಬಿಚ್ಚು ಅದನ್ನ. ತೂಗುವ."

ಗುಲಾಬಿ ತಾಯಿಯ ಮುಖ ನೋಡಿದಳು. ಹೇಳಿದ್ದನ್ನು ಮಾಡಿಯೇ ಬೆಳೆದ ಹುಡುಗಿ. ಅವಳ ಕೈ ತಾನಾಗಿ ಗುಂಡಿಯ ಮೇಲೆ ಹೋಯಿತು. ಪ್ರೇಮಕ್ಕ ಬೇಡವೆನ್ನುವಷ್ಟರಲ್ಲಿ ಗುಂಡಿ ಬಿಚ್ಚಿಯಾಗಿತ್ತು. ಸ್ವೆಟರು ಕಳಚಿದಾಗ ಕೂಸಿನ ಪಕ್ಕೆಲುಬು ಒಂದೊಂದೂ ಕಂಡಿತು. ಗುಲಾಬಿ ಕೂಸನ್ನು ಸೆರಗಿನೊಳಗೆ, ಎದೆಗೆ ಒತ್ತಿಕೊಂಡಳು.

"ಅರವತ್ತೆಂಟು," ಎಂದ ಷಡಕ್ಷರಿ, ತಲೆ ಎತ್ತದೆ.

"ಇನ್ನು ನಾಲ್ಕು ಗ್ರಾಮ್ ಬೂದಿ ಆಯ್ತಾ?"

ಪ್ರೇಮಕ್ಕ ತಕ್ಕಡಿಯ ಹತ್ತಿರ ಬಂದಳು. "ಅಮ್ಮಾ, ಅದು ಚೂರು ನೂಲಿಂದು. ಬಣ್ಣ ನೋಡಿ. ನೀವು ಕೊಟ್ಟಿದ್ದು ಬಿಳಿ."

"ಬಣ್ಣದ್ದೂ ನಾನೇ ಕೊಟ್ಟದ್ದಲ್ವಾ, ಹಿಂದಿನ ವರ್ಷ?"

"ಚೂರು ನಿಮಗೇ ಅಂತ ನೀವೇ ಅಂದಿದ್ದು."

"ಚೂರು ಅಂದ್ರೆ ಕಸ. ಕಸದಲ್ಲಿ ಸ್ವೆಟರ್ ಆಗ್ತದಾ?"

"ಎಳೆದು ನೋಡಿ ಅಮ್ಮಾ. ನಿಮ್ಮ ಉಂಡೆಯದ್ದಾಗಿದ್ರೆ ಒಂದೇ ಎಳೆ ಸುರ್ರನೆ ಬಿಚ್ಕೊಂಡು ಬರ್ಬೇಕು."

ಷಡಕ್ಷರಿ ಅಂಚಿನ ನೂಲು ಹಿಡಿದು ಎಳೆದ. ಗೇಣುದ್ದ ಬಂತು, ಗಂಟಿಗೆ ಸಿಕ್ಕಿತು. ಬಿಡಿಸಿ ಎಳೆದ. ಮತ್ತೆ ಗಂಟು. "ಬರೀ ಗಂಟೇ ಇದೆ ಅಮ್ಮಾ," ಎಂದ ಮೆಲ್ಲಗೆ.

"ಕದಿಯೋರು ತುಂಡು ಮಾಡಿಯೇ ಕದೀತಾರೆ. ನೀನು ಬರಿ."

ಗೋಡೌನಿನ ಕಡೆಯಿಂದ ಸೀತಾರಾಮಯ್ಯನ ದನಿ ಕೇಳುತ್ತಿತ್ತು. ಯಾರೋ ಮೆಣಸು ತಂದವನಿಗೆ ಹೇಳುತ್ತಿದ್ದ. "ಹಸಿ ಇದೆ ಮಾರಾಯ. ಡ್ರೈಯರಿಗೆ ಹಾಕಿದ್ರೆ ಕ್ವಿಂಟಾಲಿಗೆ ಏಳೆಂಟು ಕಿಲೋ ಇಳೀತದೆ. ಅದನ್ನ ಕಳ್ದೇ ದರ. ನಾನೆಂತ ನೀರಿಗೆ ದುಡ್ಡು ಕೊಡ್ಲಿಕ್ಕೆ ಕೂತಿದ್ದೇನಾ?"

ಆ ಮಾತು ಕೇಳಿ ಪ್ರೇಮಕ್ಕ ನಡುಬಾಗಿಲಿಗೆ ಹೋದಳು.

"ಅಯ್ಯಾ, ಒಣಗಿದ್ರೆ ತೂಕ ಇಳೀತದಾ?"

"ಇಳೀದೆ ಮತ್ತೆ?" ಸೀತಾರಾಮಯ್ಯ ನಕ್ಕ. "ನೀರು ಬಿಟ್ರೆ ಆನೆಯೂ ಇಳೀತದೆ!"

"ಉಲ್ಲನ್, ಅಯ್ಯಾ? ಇದೇ ಗೋಡೌನಿನ ಥಂಡಿಯಲ್ಲಿ ಇಟ್ಟ ಉಲ್ಲನ್. ನಾಲ್ಕು ದಿನ ಒಲೆ ಮೇಲೆ ಒಣಗಿಸ್ದೆ. ಅದೂ ಇಳೀತದಲ್ಲ?"

ಸೀತಾರಾಮಯ್ಯ ಹೆಂಡತಿಯನ್ನು ನೋಡಿದ. ನಗು ಎಲ್ಲಿ ಹೋಯಿತೋ. "ಹೆಂಗಸರ ವ್ಯವಹಾರಕ್ಕೆ ನಾನು ಬರುದಿಲ್ಲ," ಎಂದು ಮೂಟೆಯತ್ತ ತಿರುಗಿದ.

"ಮೆಣಸಿನ ಲೆಕ್ಕ ಬೇರೆ, ಉಲ್ಲನ್ ಲೆಕ್ಕ ಬೇರೆ," ಎಂದಳು ಮೂಕಾಂಬಿಕಮ್ಮ. ಮುಖ ಕೆಂಪಾಗಿತ್ತು. "ನೋಡು, ನಾನು ಕೆಟ್ಟವಳಲ್ಲ. ಈ ಸಲದ ಕೂಲಿ ಮುರ್ಕೊಳ್ತೇನೆ. ಆ ಸ್ವೆಟರ್ ಇಲ್ಲೇ ಇರ್ಲಿ. ಮುಂದಿನ ವಾರ ಬಂದು ಉಲ್ಲನ್ ತಗೊಂಡು ಹೋಗು. ಅದಲ್ಲ, ಸ್ವೆಟರೇ ಬೇಕು ಅಂದ್ರೆ, ಮತ್ತೆ ಈ ಮೆಟ್ಟಿಲು ಹತ್ಬೇಡ."

ಹಜಾರದಲ್ಲಿ ಏಳು ಹೆಂಗಸರು ಮಡಿಲಲ್ಲಿ ಸ್ವೆಟರಿನ ಗಂಟಿಟ್ಟುಕೊಂಡು ಕೂತಿದ್ದರು. ಎಲ್ಲರ ಕಣ್ಣೂ ನೆಲದ ಮೇಲೆ. ಡಬ್ಬಿ ಕೊಟ್ಟ ನಾಲ್ವರೂ ಅವರಲ್ಲಿದ್ದರು. ಒಬ್ಬಳಾದರೂ ಹೌದೆಂದು ಹೇಳಿಯಾಳೆಂದು ಪ್ರೇಮಕ್ಕ ಕಾದಳು. ಯಾರೂ ಹೇಳಲಿಲ್ಲ. ಅವಳಿಗೆ ಸಿಟ್ಟೂ ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ನೆಲವನ್ನೇ ನೋಡುತ್ತಿದ್ದೆ ಎನ್ನಿಸಿತು.

ಗುಲಾಬಿ ಸಣ್ಣಗೆ ಕರೆದಳು. "ಅಬ್ಬೆ, ಕೂಸು ತಣ್ಣಗಾಗ್ತಿದೆ."

ಪ್ರೇಮಕ್ಕ ತಕ್ಕಡಿಯ ಮೇಲಿಂದ ಸ್ವೆಟರನ್ನು ಎತ್ತಿಕೊಂಡಳು. ಕೆಂಪು ಅಕ್ಷರ ಸೊನ್ನೆಗೆ ಇಳಿಯಿತು. ಷಡಕ್ಷರಿ ಎಳೆದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದಳು. ಅಲ್ಲೇ, ಎಲ್ಲರ ಎದುರು, ನೀಲಿಗಟ್ಟಿದ ಸಣ್ಣ ಕೈಗಳನ್ನು ಒಂದೊಂದಾಗಿ ತೋಳಿಗೆ ತೂರಿಸಿದಳು. ಡೊಂಕು ಬೆರಳಿಗೆ ಗುಂಡಿ ಸಿಕ್ಕುತ್ತಿರಲಿಲ್ಲ. ಇನ್ನೊಂದು ಕೈಯಿಂದ ಹಾಕಿದಳು.

"ಹೆಸರು ಹೊಡೆದು ಹಾಕು," ಎಂದಳು ಮೂಕಾಂಬಿಕಮ್ಮ.

ಪ್ರೇಮಕ್ಕ ಗುಲಾಬಿಯನ್ನು ಕರೆದುಕೊಂಡು ಹೊರಗೆ ಜಗುಲಿಗೆ ಬಂದಳು. ಮೂರು ವಾರದ ದುಡಿಮೆ ಒಳಗೆ ಮೇಜಿನ ಮೇಲಿತ್ತು. ಮನೆಯಲ್ಲಿ ಅಕ್ಕಿ ಭಾನುವಾರದವರೆಗೆ. ಕಟ್ಟಿಗೆ ಅದೂ ಇಲ್ಲ. ಗುಲಾಬಿ ಈ ಮೈಯಲ್ಲಿ ಬುಟ್ಟಿ ಹೊರಲಾರಳು. ಕೂಸು ಬೆಚ್ಚಗಿರುತ್ತದೆ, ಸರಿ. ಅದಕ್ಕೆ ಹಾಲು ಎಲ್ಲಿಂದ? ಯೋಚನೆ ಅಲ್ಲಿಗೆ ಬಂದು ನಿಂತಿತು. ಮುಂದೆ ಹೋಗಲಿಲ್ಲ.

ಒಳಗಿನಿಂದ ಕೇಳಿಸಿತು. "ಮುಂದೆ ಯಾರು?"

ಬಳೆಯ ಸದ್ದಾಯಿತು. ಯಾರೋ ಎದ್ದರು. ಎದ್ದೇ ಏಳುತ್ತಾರೆ, ಹೊಟ್ಟೆ ಎಲ್ಲರಿಗೂ ಇದೆ ಎಂದುಕೊಂಡಳು ಪ್ರೇಮಕ್ಕ. ತಿರುಗಿ ನೋಡಲಿಲ್ಲ.

"ಚಿಕ್ಕಕ್ಕ, ಒಂಬೈನೂರ ತೊಂಬತ್ತೊಂದು," ಎಂದ ಷಡಕ್ಷರಿ.

"ಸರಿ ಇದ್ಯಾ ಅಮ್ಮಾ?" ಚಿಕ್ಕಕ್ಕನ ದನಿ.

"ಸರಿ ಇದೆ. ಮರ್ಯಾದೆ ಅಂದ್ರೆ ಇದು."

"ಹಂಗಾದ್ರೆ ಇದನ್ನ ಅಯ್ಯನ ಡ್ರೈಯರಿಗೆ ಹಾಕಿಸಿ. ಒಣಗಿದ ಮೇಲೆ ನನ್ನೆದುರೇ ಮತ್ತೆ ತೂಗಿ. ಆವಾಗ ನಾನೂ ಕಳ್ಳಿ ಆಗ್ತೀನಾ ಅಂತ ನೋಡ್ಬೇಕು."

"ತಲೆ ಕೆಟ್ಟಿದ್ಯಾ ನಿಂಗೆ? ಕೂಲಿ ತಗೊಂಡು ನಡಿ."

"ಕೂಲಿ ಆಮೇಲೆ. ಎಷ್ಟೊತ್ತಾದ್ರೂ ಕಾಯ್ತೀನಿ." ಸ್ವಲ್ಪ ತಡೆದು ಮತ್ತೆ ಅದೇ ದನಿ. "ಆ ಚೂರು ನಂದೂ ಇತ್ತಮ್ಮಾ. ಹಳದಿದು ನಂದು."

"ನೀಲಿ ನಮ್ಮನೇದು," ಎಂದಿತು ಇನ್ನೊಂದು ದನಿ.

"ಮುಂದೆ ಯಾರು?" ಮೂಕಾಂಬಿಕಮ್ಮ ಗಟ್ಟಿಯಾಗಿ ಕೂಗಿದಳು.

ಬಳೆಯ ಸದ್ದಾಗಲಿಲ್ಲ. ರಸ್ತೆಯಲ್ಲಿ ಜೀಪಿನ ಮಂಜಪ್ಪ ಹಾರನ್ನು ಹೊಡೆದ. ಮತ್ತೆ ಹೊಡೆದ. ಬಸರೀಕಟ್ಟೆಗೆ ಅವತ್ತಿಗೆ ಅದೇ ಕೊನೆಯದು. ಯಾರೂ ಹೊರಗೆ ಬರಲಿಲ್ಲ. ಜೀಪು ಹೊರಟುಹೋಯಿತು.

ಪ್ರೇಮಕ್ಕ ಗುಲಾಬಿಯ ಕೈ ಹಿಡಿದು ಒಳಗೆ ಬಂದಳು. ಚಿಕ್ಕಕ್ಕನ ಹೊರತು ಆರೂ ಜನ ಗಂಟನ್ನು ಮಡಿಲಿನಲ್ಲಿ ಅವುಚಿ ಕೂತಿದ್ದರು. ಈಗ ಯಾರೂ ನೆಲ ನೋಡುತ್ತಿರಲಿಲ್ಲ. ಚಿಕ್ಕಕ್ಕನ ಸ್ವೆಟರು ತಕ್ಕಡಿಯ ಮೇಲೇ ಇದ್ದವು.

"ನಿಂಗೆ ಬರ್ಬೇಡ ಅಂದೆನಲ್ಲ?"

ಪ್ರೇಮಕ್ಕ ಸಾಲಿನ ಕೊನೆಯಲ್ಲಿ ಕೂತಳು.

"ತೂಕ ಆಗ್ಲಿ ಅಮ್ಮಾ. ಆಮೇಲೆ ಹೋಗ್ತೀನಿ."