ಒಂಬತ್ತು ಸಾವಿರ ಪುಶ್

ನಮ್ಮ ಆಫೀಸಿನಲ್ಲಿ ಎಲ್ಲರೂ ಬರೆದ ಕೋಡನ್ನು ಪರೀಕ್ಷಿಸಿ ರೆಪಾಸಿಟರಿಗೆ, ಅಂದರೆ ಕಂಪನಿಯ ಕೋಡ್ ಉಗ್ರಾಣಕ್ಕೆ, ಪುಶ್ ಮಾಡುವ, ಅಂದರೆ ಸೇರಿಸುವ ಕೆಲಸ ನಮ್ಮಿಬ್ಬರದು. ನನ್ನದು ಮತ್ತು ಎಲ್ಲರೂ ನಿದ್ದೆರಾಯ ಎಂದು ಕರೆಯುವ ಹುಡುಗನದು. ಇಬ್ಬರೂ ಗುತ್ತಿಗೆಯವರು. ದಿನಕ್ಕೆ ನಲವತ್ತು ಸಲ ಅದನ್ನೇ ಮಾಡಿ ಮಾಡಿ ಸಾಕಾಗಿ, ಆರು ವಾರ ತಲೆ ಕೆಡಿಸಿಕೊಂಡು, ಎಲ್ಲವೂ ತಾನಾಗಿಯೇ ನಡೆಯುವಂಥ ಸ್ಕ್ರಿಪ್ಟ್ ಬರೆದೆ. ಅದು ಓಡಲು ಒಬ್ಬರ ಸ್ವಂತ ಲಾಗಿನ್ ಬೇಕಿತ್ತು. ನನ್ನದಕ್ಕೆ ಇನ್ನೂ ಅನುಮತಿ ಬಂದಿರಲಿಲ್ಲ; ಅಲ್ಲಿಯವರೆಗೆ ಆಫೀಸಿನ ಸಾಮಾನ್ಯ ಲಾಗಿನ್‌ನಲ್ಲೇ ಪುಶ್ ಮಾಡುತ್ತಿದ್ದೆ.

"ನಂದೇ ಹಾಕ್ಕೊಳ್ಳಿ ಅಕ್ಕಾ, ಅದೇನು ಸವೆದುಹೋಗುತ್ತಾ?" ಎಂದ ನಿದ್ದೆರಾಯ, ಆಕಳಿಸುತ್ತ.

ವರ್ಷ ಕಳೆದು, ಇಬ್ಬರಲ್ಲಿ ಒಬ್ಬರನ್ನು ಕಾಯಂ ಮಾಡಿ ಇನ್ನೊಬ್ಬರನ್ನು ಕಳಿಸುವ ದಿನ ಬಂತು. ಮ್ಯಾನೇಜರ್ ನಮ್ಮನ್ನು ಕೂರಿಸಿಕೊಂಡು ಗೋಡೆಯ ಪರದೆ ತೋರಿಸಿದರು. ಅವನ ಹೆಸರಿನ ಮುಂದೆ ಒಂಬತ್ತು ಸಾವಿರ ಪುಶ್, ನನ್ನ ಹೆಸರಿನ ಮುಂದೆ ಬರೀ ಹನ್ನೊಂದು.

"ಏನಮ್ಮಾ, ವರ್ಷವೆಲ್ಲಾ ಕುರ್ಚಿ ಬಿಸಿ ಮಾಡ್ತಿದ್ಯಾ?"

"ಸಾರ್, ಅವೆಲ್ಲ ನಾನು ಬರೆದ ಸ್ಕ್ರಿಪ್ಟ್ ಮಾಡಿದ್ದು. ಹೆಸರು ಮಾತ್ರ ಇವನದು. ನೀನೇ ಹೇಳಪ್ಪಾ."

ನಿದ್ದೆರಾಯ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡಿದ. "ಅಕ್ಕನೂ ಸಹಾಯ ಮಾಡಿದ್ರು ಸಾರ್," ಎಂದ.

ಸಹಾಯವಂತೆ! ಅಷ್ಟರಲ್ಲಿ ಪರದೆಯ ಮೇಲೆ ಅವನ ಲೆಕ್ಕ ಇನ್ನೊಂದು ಏರಿತು.

"ನೋಡಿ ಸಾರ್, ಈಗಷ್ಟೇ ಒಂದು ಏರ್ತು! ಇವನ ಕೈ ಎಲ್ಲಿದೆ ನೋಡಿ!"

ಮ್ಯಾನೇಜರ್ ಪರದೆ ನೋಡಿದರು, ಅವನ ಕೈ ನೋಡಿದರು. ಅರ್ಥವಾಯಿತೆಂದು ಅವರ ಮುಖವೇ ಹೇಳಿತು. ಆಮೇಲೆ ಪರದೆ ಆರಿಸಿದರು.

"ಕಾಯಂ ಮಾಡೋರ ಪಟ್ಟಿ ಇವನ ಹೆಸರಲ್ಲಿ ನಿನ್ನೆನೇ ಮೇಲಿನವರಿಗೆ ಹೋಗಿದೆಯಮ್ಮಾ," ಎಂದರು ಮೆಲ್ಲಗೆ. "ನೀನು ಹೋಗೋದ್ರೊಳಗೆ ಆ ಸ್ಕ್ರಿಪ್ಟ್ ಹೇಗೆ ನಡೆಯುತ್ತೆ ಅಂತ ಇವನಿಗೆ ಹೇಳ್ಕೊಟ್ಬಿಡು."